ಟರ್ಬೊ ಆಯಿಲ್ ಫೀಡ್ ಪೈಪು ಸೋರುತ್ತಿದ್ದರೆ: ಬದಲಾಯಿಸುವ ಕ್ರಮದ ಸಮಗ್ರ ಮಾರ್ಗದರ್ಶಿ

ಪೈಪು ಹೊಸದು, ಬೋಲ್ಟು ಹೊಸದು, ಆದರೂ ಎರಡೇ ವಾರದಲ್ಲಿ ಅದೇ ಜಾಗದಲ್ಲಿ ಎಣ್ಣೆ ಜಿನುಗುತ್ತಿದೆ ಎನ್ನುವ ದೂರು ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಇನ್ನು ಕೆಲವರಿಗೆ ಸೋರಿಕೆಯೇನೋ ನಿಂತಿರುತ್ತದೆ, ಆದರೆ ಕೆಲಸ ಮುಗಿದ ಕೆಲವೇ ದಿನಗಳಲ್ಲಿ ಟರ್ಬೊ ಕೂಗತೊಡಗುತ್ತದೆ. ಈ ಎರಡೂ ತೊಂದರೆಗಳ ಮೂಲ ಪೈಪು ಬಿಚ್ಚುವ ಕೆಲಸದಲ್ಲಿಲ್ಲ. ಮೊದಲನೆಯದು ವಾಷರ್ ಕೂರುವ ಮುಖವನ್ನು ಸರಿಯಾಗಿ ಶುಚಿ ಮಾಡದೆ, ಪೈಪನ್ನು ಎಳೆದು ಕೂರಿಸಿ ಬಿಗಿದಿದ್ದರಿಂದ ಬರುತ್ತದೆ. ಎರಡನೆಯದು ಟರ್ಬೊಗೆ ಎಣ್ಣೆ ಮುಟ್ಟುವ ಮೊದಲೇ ಇಂಜಿನ್ ಚಾಲೂ ಮಾಡಿದ್ದರಿಂದ ಬರುತ್ತದೆ.

ಟರ್ಬೊ ಎಂದರೆ ಇಂಜಿನ್ನಿನ ಹೊಗೆಯಿಂದ ಒಂದು ತುದಿಯ ಚಕ್ರ (ಟರ್ಬೈನ್) ತಿರುಗಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ (ಕಂಪ್ರೆಸರ್) ಇಂಜಿನ್ನಿಗೆ ಗಾಳಿ ತುಂಬುವ ಸಾಧನ. ಅದರ ಶಾಫ್ಟು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ದಾಟುತ್ತದೆ; ಸಣ್ಣ ಟರ್ಬೊಗಳು ಎರಡು ಲಕ್ಷವನ್ನೂ ಮೀರುತ್ತವೆ. ಬಹುಪಾಲು ಕಾರುಗಳ ಟರ್ಬೊಗಳಲ್ಲಿ ಶಾಫ್ಟು ಲೋಹದ ಮೇಲೆ ಉಜ್ಜುತ್ತ ತಿರುಗುವುದಿಲ್ಲ, ಒತ್ತಡದಲ್ಲಿ ಬಂದ ಎಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಆ ಎಣ್ಣೆಯನ್ನು ತಂದುಕೊಡುವ ದಾರಿ ಈ ಸಣ್ಣ ಪೈಪು ಒಂದೇ. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ. ಯಾವ ಹಂತವನ್ನಾದರೂ ಬಿಟ್ಟರೆ ನಡೆದೀತು ಎಂದು ನಿಮಗೆ ಅನಿಸಿದರೆ, ಅದು 7ನೆಯ ಹಂತವಂತೂ ಆಗಿರದಿರಲಿ.

ಇಲ್ಲಿ ವಿವರಿಸಿರುವುದು ಎರಡೂ ತುದಿಗಳಲ್ಲಿ ಬಾಂಜೊ ಬೋಲ್ಟು, ಅಂದರೆ ಒಳಗೆ ಟೊಳ್ಳಾಗಿದ್ದು ಪಕ್ಕದಲ್ಲಿ ತೂತುಗಳಿರುವ ಬೋಲ್ಟು ಇರುವ ಲೋಹದ ಪೈಪಿನ ಕೆಲಸ. ಕೆಲವು ಕಾರುಗಳಲ್ಲಿ ಒಂದು ತುದಿಗೆ ಗ್ಯಾಸ್ಕೆಟ್ ಅಥವಾ ಓ-ರಿಂಗ್ ಇರುವ ಫ್ಲಾಂಜ್, ಅಂದರೆ ಬೋಲ್ಟು ಹಾಕಿ ಕೂರಿಸುವ ಚಪ್ಪಟೆ ತಟ್ಟೆ ಇರುತ್ತದೆ. ಅದಕ್ಕೂ ಕ್ರಮ ಇದೇ, ಬೇರೆಯಾಗುವಲ್ಲಿ ಹೇಳಿದ್ದೇನೆ.

ಸೋರುತ್ತಿರುವುದು ಈ ಪೈಪೇ ಹೌದೇ?

ಟರ್ಬೊದ ಮೈಮೇಲೆ ಎಣ್ಣೆ ಕಂಡ ಮಾತ್ರಕ್ಕೆ ಫೀಡ್ ಪೈಪೇ ಸೋರುತ್ತಿದೆ ಎಂದು ತೀರ್ಮಾನಿಸಬಾರದು. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಇಳಿದ ಎಣ್ಣೆ, ಕಂಪ್ರೆಸರ್ ಕಡೆಯ ಗಾಳಿಯ ಹೋಸ್‌ನಿಂದ ಒಸರಿದ ಎಣ್ಣೆ, ಟರ್ಬೊದ ತಳದಲ್ಲಿರುವ ಡ್ರೇನ್ ಪೈಪಿನ ಸೋರಿಕೆ, ಇವೆಲ್ಲವೂ ಕೊನೆಗೆ ಒಂದೇ ಜಾಗದಲ್ಲಿ ಸೇರುತ್ತವೆ. ಎಣ್ಣೆ ಕೆಳಗೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ; ಹಾಗಾಗಿ ಒದ್ದೆಯಿರುವ ಭಾಗಗಳ ಪೈಕಿ ಅತಿ ಮೇಲಿನ ಮತ್ತು ಅತಿ ಮುಂದಿನ ಬಿಂದುವನ್ನು ಹುಡುಕಬೇಕು.

ಇಂಜಿನ್ ಪೂರ್ತಿ ತಣ್ಣಗಿರುವಾಗ ಟರ್ಬೊದ ಸುತ್ತಲೂ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ. ಬಳಿಕ ಎರಡೂ ಬಾಂಜೊ ಬೋಲ್ಟುಗಳ ಸುತ್ತ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಚಾಲೂ ಮಾಡಿ. ತಣ್ಣಗಿರುವಾಗ ಎಣ್ಣೆ ದಪ್ಪಗಿದ್ದು ಒತ್ತಡ ಹೆಚ್ಚಿರುತ್ತದೆ, ಆದ್ದರಿಂದ ಕೆಟ್ಟ ವಾಷರ್ ಇದ್ದರೆ ಮೊದಲ ಕೆಲವು ನಿಮಿಷಗಳಲ್ಲೇ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಪೈಪಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದು ಬಿಸಿಯಾದ ಮೇಲಷ್ಟೇ ತೆರೆದುಕೊಳ್ಳಬಹುದು. ಅಂತಹ ಅನುಮಾನವಿದ್ದರೆ ಎಣ್ಣೆಗೆ ಯುವಿ ಬೆಳಕಿಗೆ ಹೊಳೆಯುವ ಬಣ್ಣ (ಯುವಿ ಡೈ) ಬೆರೆಸಿ, ಒಂದು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು.

ಕಂಪ್ರೆಸರ್‌ಗೆ ಹೋಗುವ ಹೋಸಿನ ಒಳಗೆ ತೆಳುವಾದ ಎಣ್ಣೆಯ ಲೇಪವಿರುವುದು ಹಳೆಯ ಇಂಜಿನ್ನುಗಳಲ್ಲಿ ಸಹಜ. ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಭಾಗದ ಎಣ್ಣೆಯಿರುವ ಕೋಣೆ) ಆವಿ ಅದೇ ದಾರಿಯಲ್ಲಿ ಬರುತ್ತದೆ. ಆದರೆ ಒಳಗೆ ಎಣ್ಣೆ ನಿಂತಿದ್ದರೆ ತೊಂದರೆ ಟರ್ಬೊದ ಸೀಲಿನಲ್ಲಿ, ಡ್ರೇನ್ ಪೈಪಿನಲ್ಲಿ ಅಥವಾ ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ದಾರಿಯಲ್ಲಿದೆ. ಫೀಡ್ ಪೈಪು ಬದಲಿಸಿದರೆ ಅದು ಗುಣವಾಗುವುದಿಲ್ಲ.

ಗಾಡಿಯನ್ನು ಓಡಿಸಲೇಬಾರದ ಲಕ್ಷಣಗಳು

ಪೆಟ್ರೋಲ್ ಇಂಜಿನ್ನಿನಲ್ಲಿ ಟರ್ಬೊದ ಟರ್ಬೈನ್‌ಗೆ ಬರುವ ಹೊಗೆ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಕಾದು ಕೆಂಪಾದ ಮ್ಯಾನಿಫೋಲ್ಡಿನ (ಇಂಜಿನ್ನಿನ ಹೊಗೆಯನ್ನು ಟರ್ಬೊಗೆ ತರುವ ಲೋಹದ ಕೊಳವೆ) ಮೇಲೆ ಬಿದ್ದ ಎಣ್ಣೆಗೆ ಬೆಂಕಿ ಹತ್ತಲು ಕಿಡಿ ಬೇಕಾಗಿಲ್ಲ. ಬಾನೆಟ್‌ನ ಅಂಚಿನಿಂದ ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ, ಗಾಡಿ ನಿಲ್ಲಿಸಿದಾಗ ಕಮಟು ವಾಸನೆ ಒಳಗೆ ನುಗ್ಗುತ್ತಿದ್ದರೆ, ನಿಲ್ಲಿಸಿದ ಜಾಗದಲ್ಲಿ ಹನಿಗಳ ಬದಲು ಮಡುವೇ ಕಾಣುತ್ತಿದ್ದರೆ, ಗಾಡಿಯನ್ನು ಎಳೆಸಿಕೊಂಡು ಹೋಗಿ. ಆಯಿಲ್ ದೀಪ ಒಂದು ಕ್ಷಣ ಮಿನುಗಿದರೂ ಇಂಜಿನ್ ಕೂಡಲೇ ಆಫ್ ಮಾಡಬೇಕು. ಹೀಟ್ ಶೀಲ್ಡಿನ (ಶಾಖ ತಡೆಯುವ ಲೋಹದ ಹೊದಿಕೆ) ಒಳಗಿನ ನಾರುಪದರ ಅಥವಾ ಪೈಪಿಗೆ ಸುತ್ತಿದ ಶಾಖ ತಡೆಯುವ ಪಟ್ಟಿ ಎಣ್ಣೆ ಕುಡಿದಿದ್ದರೆ ಅದು ದೀಪದ ಬತ್ತಿಯಂತೆಯೇ ವರ್ತಿಸುತ್ತದೆ. ಅದನ್ನು ತೊಳೆದು ಮತ್ತೆ ಹಾಕಬಾರದು, ಹೊಸದನ್ನೇ ಹಾಕಬೇಕು.

ಮೊದಲೇ ಕೂಡಿಟ್ಟುಕೊಳ್ಳಬೇಕಾದ ಭಾಗಗಳು ಮತ್ತು ಸಲಕರಣೆಗಳು

ನಿಮ್ಮ ಇಂಜಿನ್ ಸಂಖ್ಯೆಗೆ ಹೊಂದುವ ಹೊಸ ಫೀಡ್ ಪೈಪು, ಎರಡು ಹೊಸ ಬಾಂಜೊ ಬೋಲ್ಟು, ನಾಲ್ಕು ಹೊಸ ತಾಮ್ರದ ವಾಷರ್, ಬ್ರಾಕೆಟ್ಟಿನ ಕ್ಲಿಪ್ಪು, ಬಿಚ್ಚಬೇಕಾಗುವ ಇತರ ಭಾಗಗಳ ಗ್ಯಾಸ್ಕೆಟ್ಟುಗಳು, ಹೊಸ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಕೈಯಲ್ಲಿರಬೇಕು. ವಾಷರ್ ನಾಲ್ಕು ಏಕೆಂದರೆ ಪ್ರತಿ ಬಾಂಜೊ ಕಣ್ಣಿನ (ಪೈಪಿನ ತುದಿಯಲ್ಲಿ ಬೋಲ್ಟು ಹಾಯುವ ಉಂಗುರ) ಎರಡೂ ಬದಿಗೆ ಒಂದೊಂದು ಬೇಕು. ಒಂದೆರಡು ಹೆಚ್ಚಿಗೆ ತಂದಿಡಿ; ಇಕ್ಕಟ್ಟಾದ ಜಾಗದಲ್ಲಿ ಕೈಜಾರಿದ ವಾಷರ್ ಮರಳಿ ಸಿಗುವುದು ಅಪರೂಪ. ತಾಮ್ರಕ್ಕೆ ಅಯಸ್ಕಾಂತವೂ ಕೆಲಸಕ್ಕೆ ಬಾರದು.

ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಡಸಾಗುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ನಿಜ, ಆದರೆ ಹಿಂದಿನ ಒತ್ತಡದ ಗೆರೆಗಳು ಉಳಿದೇ ಇರುತ್ತವೆ. ಈ ಕೆಲಸದಲ್ಲಿ ಹಳೆಯ ವಾಷರ್ ಬಳಸಲು ನನಗೆ ಒಂದೂ ಸರಿಯಾದ ಕಾರಣ ತೋರುವುದಿಲ್ಲ. ಓ-ರಿಂಗ್ ಇರುವ ಫ್ಲಾಂಜ್ ಆಗಿದ್ದರೆ ಡಬ್ಬಿಯಲ್ಲಿ ಸಿಕ್ಕಿದ ಸಾಮಾನ್ಯ ನೈಟ್ರೈಲ್ ರಿಂಗ್ ಹಾಕಬೇಡಿ. ಸುಮಾರು 200 ಡಿಗ್ರಿ ತಡೆಯಬಲ್ಲ ವೈಟಾನ್ ರಿಂಗೇ ಬೇಕು.

ಸಲಕರಣೆಗಳ ಪೈಕಿ ಮುಖ್ಯವಾದದ್ದು ಕಡಿಮೆ ಬಲದ ಟಾರ್ಕ್ ರೆಂಚ್. ಚಕ್ರದ ನಟ್ಟು ಬಿಗಿಯುವ ದೊಡ್ಡ ರೆಂಚ್ 20 ನ್ಯೂಟನ್ ಮೀಟರನ್ನು ನಂಬುವಂತೆ ತೋರಿಸುವುದಿಲ್ಲ; 5ರಿಂದ 50ರವರೆಗಿನದು ಬೇಕು. ಇದಲ್ಲದೆ ಸಾಕೆಟ್ ಸೆಟ್, ಉದ್ದದ ಎಕ್ಸ್‌ಟೆನ್ಷನ್, ಮಡಚುವ ಜಾಯಿಂಟ್, ರಿಂಗ್ ಸ್ಪ್ಯಾನರುಗಳು, ತುಕ್ಕು ಬಿಡಿಸುವ ಎಣ್ಣೆ, ಹಿತ್ತಾಳೆಯ ಬ್ರಷ್ಷು, ಉದ್ದ ಹಿಡಿಯ ಸಣ್ಣ ಕನ್ನಡಿ, ಟಾರ್ಚ್, ನಾರು ಬಿಡದ ಬಟ್ಟೆ, ಸೂಜಿಯಿಲ್ಲದ ಸಿರಿಂಜ್, ತೆರೆದ ಬಾಯಿಗಳಿಗೆ ಹಾಕಲು ಶುಚಿಯಾದ ಪ್ಲಾಸ್ಟಿಕ್ ಮುಚ್ಚಳಗಳು ಇರಲಿ. ಡ್ರೈ ಪೌಡರ್ ಅಥವಾ ಇಂಗಾಲದ ಡೈಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಎಣ್ಣೆಯ ಬೆಂಕಿಗೆ ನೀರು ಹಾಕಬಾರದು.

ಸಿಲಿಕಾನ್ ಗಮ್ ಮತ್ತು ಥ್ರೆಡ್ ಟೇಪ್ ಈ ಪಟ್ಟಿಯಲ್ಲಿ ಇಲ್ಲ, ಇರಲೂಬಾರದು. ಬಿಗಿಯುವಾಗ ಒಳಕ್ಕೆ ಹಿಂಡಿದ ಗಮ್ಮಿನ ಎಳೆ ಕಿತ್ತುಬಂದರೆ ಅದು ಹೋಗಿ ನಿಲ್ಲುವುದು ಟರ್ಬೊದ ಬೇರಿಂಗಿನ ಎಣ್ಣೆತೂತಿನಲ್ಲಿ.

ಹಂತ 1: ಇಂಜಿನ್ ತಣಿಸುವುದು ಮತ್ತು ದಾರಿ ಬಿಡಿಸಿಕೊಳ್ಳುವುದು

ಹಿಂದಿನ ರಾತ್ರಿಯೇ ಗಾಡಿ ನಿಲ್ಲಿಸಿ, ಎರಡೂ ಬಾಂಜೊ ಬೋಲ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯನ್ನು ಸ್ವಲ್ಪವೇ ಹಾಕಿಡಿ. ಆ ಎಣ್ಣೆಗೂ ಬೆಂಕಿ ಹತ್ತುತ್ತದೆ, ಹಾಗಾಗಿ ಮ್ಯಾನಿಫೋಲ್ಡ್ ಕೈಯಿಟ್ಟು ಮುಟ್ಟುವಷ್ಟು ತಣ್ಣಗಾದ ಮೇಲೆಯೇ ಹಾಕಬೇಕು. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಅನೇಕ ಇಂಜಿನ್ನುಗಳಲ್ಲಿ ಪೈಪಿನ ಕೆಳತುದಿ ಸ್ಟಾರ್ಟರ್ ಮೋಟರಿನ ಪಕ್ಕದಲ್ಲೇ ಇರುತ್ತದೆ. ಸ್ಪ್ಯಾನರ್ ಅದರ ತಂತಿಗೆ ತಗುಲಿದರೆ ಅಪಾಯ. ಕೆಳಗಿನಿಂದ ಕೆಲಸ ಮಾಡಬೇಕಿದ್ದರೆ ಜಾಕಿನ ಮೇಲೆ ನಂಬಿಕೆಯಿಡದೆ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗಿ.

ಇಂಜಿನ್ ಕವರ್, ಗಾಳಿಯ ಪೈಪುಗಳು, ಹೀಟ್ ಶೀಲ್ಡ್ ಈ ಕ್ರಮದಲ್ಲಿ ಬಿಚ್ಚುತ್ತ ಪ್ರತಿ ಹಂತದಲ್ಲೂ ಒಂದು ಫೋಟೊ ತೆಗೆಯಿರಿ. ಪೈಪು ಯಾವ ಬ್ರಾಕೆಟ್ಟಿನ ಒಳಗಿಂದ ಹಾದಿದೆ, ಬಾಂಜೊ ಕಣ್ಣು ಯಾವ ಕೋನದಲ್ಲಿ ತಿರುಗಿದೆ ಎನ್ನುವುದು ಚಿತ್ರದಲ್ಲಿ ಕಾಣಬೇಕು. ಟರ್ಬೊದ ಗಾಳಿಯ ಬಾಯಿ ತೆರೆದ ಕೂಡಲೇ ಅದಕ್ಕೆ ಮುಚ್ಚಳ ಹಾಕಿ. ಬಟ್ಟೆ ತುರುಕುವುದಾದರೆ ಒಳಗೆ ಜಾರಿಹೋಗದಷ್ಟು ದೊಡ್ಡದಿರಲಿ, ಅದರ ತುದಿ ಎದ್ದುಕಾಣುವಂತೆ ಹೊರಗೆ ತೂಗುತ್ತಿರಲಿ.

ಈ ಹೊತ್ತಿನಲ್ಲಿ ಶಾಫ್ಟಿನ ಸ್ಥಿತಿಯನ್ನೂ ನೋಡಿಬಿಡಿ. ಕಂಪ್ರೆಸರ್ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಸ್ವಲ್ಪ ಆಟ ಸಿಗುವುದು ಸಹಜ, ಏಕೆಂದರೆ ಆ ಸಂದಿಯನ್ನು ತುಂಬಬೇಕಾದ ಎಣ್ಣೆ ಈಗ ಅಲ್ಲಿಲ್ಲ. ಆದರೆ ಚಕ್ರದ ಅಂಚು ಹೊರಗವಚಕ್ಕೆ ತಗುಲಿದರೆ, ಅಥವಾ ಶಾಫ್ಟು ಮುಂದಕ್ಕೂ ಹಿಂದಕ್ಕೂ ಕೈಗೆ ತಿಳಿಯುವಂತೆ ಸರಿದರೆ, ಬೇರಿಂಗ್ ಸವೆದಿದೆ. ಆಗ ಪೈಪೊಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಹಂತ 2: ಬಿಚ್ಚುವ ಮೊದಲು ಹೊರಗಿನ ಶುಚಿ

ಅವಸರದಲ್ಲಿ ಬಹುತೇಕರು ಬಿಡುವುದು ಇದನ್ನೇ. ಬೋಲ್ಟಿನ ಸುತ್ತ ವರ್ಷಗಳ ಕಾಲ ಎಣ್ಣೆ ಮತ್ತು ಧೂಳು ಬೆರೆತು ಗಟ್ಟಿಯಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಬೋಲ್ಟು ಎತ್ತಿದರೆ ಮರಳಿನಂತಹ ಆ ಹುಡಿ ನೇರವಾಗಿ ಟರ್ಬೊದ ಎಣ್ಣೆಬಾಯಿಗೆ ಉದುರುತ್ತದೆ. ಬ್ರಷ್ಷಿನಿಂದ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಲೋಹ ಕಾಣುವವರೆಗೆ ಶುಚಿ ಮಾಡಿ, ಒಣಗಲು ಬಿಡಿ.

ಕೈಯಲ್ಲಿರುವುದು ಎಣ್ಣೆಯ ಪೈಪೇ ಎಂದೂ ಇಲ್ಲೇ ಖಾತರಿ ಮಾಡಿಕೊಳ್ಳಿ. ನೀರಿನಿಂದ ತಣಿಸುವ ಟರ್ಬೊಗಳ ನಡುಭಾಗಕ್ಕೆ ಕೂಲಂಟ್ ಪೈಪುಗಳೂ ಇಂತಹದೇ ಬಾಂಜೊ ಬೋಲ್ಟುಗಳಿಂದ ಕೂತಿರುತ್ತವೆ. ಎಣ್ಣೆ ಬರುವ ಪೈಪು ನಡುಭಾಗದ ಮೇಲ್ತುದಿಗೆ ಸೇರುತ್ತದೆ ಮತ್ತು ತೆಳ್ಳಗಿರುತ್ತದೆ. ಅದರ ನೇರ ಕೆಳಗೆ ದಪ್ಪನೆಯ ಡ್ರೇನ್ ಪೈಪು ಇರುತ್ತದೆ.

ಹಂತ 3: ಹಳೆಯ ಪೈಪು ತೆಗೆಯುವುದು

ಮೊದಲು ನಡುವಿನ ಬ್ರಾಕೆಟ್ಟನ್ನು ಸಡಿಲಿಸಿ, ಬಳಿಕ ಟರ್ಬೊ ಕಡೆಯ ಬೋಲ್ಟು, ಕೊನೆಗೆ ಇಂಜಿನ್ ಬ್ಲಾಕ್ ಕಡೆಯದು. ಬಾಂಜೊ ಬೋಲ್ಟು ಒಳಗೆ ಟೊಳ್ಳಾಗಿರುವುದರಿಂದ ಅದೇ ಗಾತ್ರದ ಸಾಮಾನ್ಯ ಬೋಲ್ಟಿಗಿಂತ ಬಹಳ ಬೇಗ ತುಂಡಾಗುತ್ತದೆ. ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರನ್ನೇ ಬಳಸಿ. ಜಾಮ್ ಆಗಿದ್ದರೆ ಒಂದೇ ಸಲ ಜಗ್ಗದೆ, ಸ್ವಲ್ಪ ಬಿಗಿಯುವ ಕಡೆಗೆ, ಸ್ವಲ್ಪ ಬಿಚ್ಚುವ ಕಡೆಗೆ ತಿರುಗಿಸುತ್ತ ಮತ್ತೆ ಎಣ್ಣೆ ಹಾಕಿ ಕಾಯಿರಿ. ಬೋಲ್ಟು ಅಡಾಪ್ಟರ್ ಒಂದರ ಮೇಲೆ ಕೂತಿದ್ದರೆ ಅಡಾಪ್ಟರನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಲೇಬೇಕು, ಇಲ್ಲದಿದ್ದರೆ ಎರಡೂ ಸೇರಿ ತಿರುಗುತ್ತವೆ.

ಬೋಲ್ಟು ಹೊರಬಂದ ಮರುಕ್ಷಣವೇ ಟರ್ಬೊದ ಎಣ್ಣೆಬಾಯಿಗೆ ಮುಚ್ಚಳ ಹಾಕಿ. ಬ್ಲಾಕ್ ಕಡೆಯಿಂದ ಒಂದಿಷ್ಟು ಎಣ್ಣೆ ಸುರಿಯುತ್ತದೆ, ಕೆಳಗೆ ತಟ್ಟೆ ಇಟ್ಟಿರಿ.

ಈಗ ಹಳೆಯ ವಾಷರ್‌ಗಳನ್ನು ಎಣಿಸಿ. ನಾಲ್ಕು ಕೈಗೆ ಸಿಗಬೇಕು. ಮೂರೇ ಸಿಕ್ಕಿದರೆ ನಾಲ್ಕನೆಯದು ಕೂರುಮುಖಕ್ಕೆ ಅಂಟಿಕೊಂಡು ಅಲ್ಲೇ ಇದೆ ಎಂದರ್ಥ. ಒಮ್ಮೆ ನಾನು ಹೊಸ ಪೈಪು ಹಾಕಿದ ಮೂರನೆಯ ದಿನವೇ ಎಣ್ಣೆ ಜಿನುಗಿತು. ಎರಡನೆಯ ಸಲ ಎಲ್ಲ ಬಿಚ್ಚಿ ಕನ್ನಡಿ ಹಿಡಿದು ನೋಡಿದರೆ ಟರ್ಬೊದ ಮುಖ ಶುಚಿಯಾಗಿಯೇ ಕಂಡಿತು. ಸಣ್ಣ ಸ್ಕ್ರೂಡ್ರೈವರಿನ ಮೊನೆಯನ್ನು ಅಂಚಿನುದ್ದಕ್ಕೂ ಎಳೆದಾಗ ಒಂದು ಕಡೆ ಉಗುರಿಗೆ ಸಿಗುವಷ್ಟೇ ಸಣ್ಣ ಮೆಟ್ಟಿಲು ತಗುಲಿತು. ಮೆಲ್ಲಗೆ ಎಬ್ಬಿಸಿದಾಗ ಹಳೆಯ ವಾಷರ್ ಎದ್ದುಬಂತು. ಮಸಿ ಹಿಡಿದು ಎರಕದ ಕಬ್ಬಿಣದ ಬಣ್ಣಕ್ಕೇ ತಿರುಗಿದ್ದ ಅದನ್ನು ಕೇವಲ ನೋಡಿ ಗುರುತಿಸುವುದು ಸಾಧ್ಯವೇ ಇರಲಿಲ್ಲ. ಗಡಸಾದ ಆ ವಾಷರಿನ ಮೇಲೆ ಕೂತ ಹೊಸ ವಾಷರ್ ಸರಿಯಾಗಿ ಒತ್ತಿಕೊಂಡಿರಲಿಲ್ಲ. ಅಂದಿನಿಂದ ನಾಲ್ಕನ್ನೂ ಬಟ್ಟೆಯ ಮೇಲೆ ಸಾಲಾಗಿ ಇಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಹಂತ 4: ಹಳೆಯ ಪೈಪು ಏನು ಹೇಳುತ್ತಿದೆ ಎಂದು ನೋಡುವುದು

ತೆಗೆದ ಪೈಪನ್ನು ಎಸೆಯುವ ಮೊದಲು ಅದರೊಳಗೆ ಬೆಳಕು ಹಾಯಿಸಿ, ಇಲ್ಲವೇ ಒಂದು ತುದಿಯಿಂದ ಕ್ಲೀನರ್ ಹಾಯಿಸಿ ನೋಡಿ. ಇಂಜಿನ್ ಆಫ್ ಮಾಡಿದ ಮೇಲೆ ಪೈಪಿನಲ್ಲಿ ನಿಂತ ಎಣ್ಣೆ ಪಕ್ಕದ ಮ್ಯಾನಿಫೋಲ್ಡಿನ ಕಾವಿಗೆ ಸುಟ್ಟು ಕಿಟ್ಟಗಟ್ಟುತ್ತದೆ. ಒಳಗೋಡೆಯಲ್ಲಿ ಗಟ್ಟಿಯಾದ ಕಪ್ಪು ಕಿಟ್ಟವಿದ್ದರೆ, ಟರ್ಬೊ ಈಗಾಗಲೇ ಅರೆಹೊಟ್ಟೆಯಲ್ಲಿ ಕೆಲಸ ಮಾಡಿದೆ. ಆಗ ಎಣ್ಣೆ ಮತ್ತು ಫಿಲ್ಟರ್ ಬದಲಿಸುವುದು ಐಚ್ಛಿಕವಲ್ಲ, ಕಡ್ಡಾಯ. ಡ್ರೇನ್ ಪೈಪನ್ನೂ ಬಿಚ್ಚಿ ನೋಡಬೇಕು. ಟರ್ಬೊದಿಂದ ಎಣ್ಣೆ ಕೆಳಗಿಳಿಯುವುದು ಕೇವಲ ಗುರುತ್ವದಿಂದ. ಆ ದಾರಿ ಕಟ್ಟಿಕೊಂಡರೆ ಎಣ್ಣೆ ಸೀಲುಗಳನ್ನು ದಾಟಿ ಹೊರಬೀಳುತ್ತದೆ.

ಬಿರುಕು ಬಿಟ್ಟಿದ್ದರೆ ಎಲ್ಲಿ ಬಿಟ್ಟಿದೆ ಎನ್ನುವುದು ಮುಖ್ಯ. ಬಾಂಜೊ ಕಣ್ಣಿನ ಬೆಸುಗೆಯ ಅಂಚಿನಲ್ಲಿ ಬಿರುಕಿದ್ದರೆ ಬಹುಮಟ್ಟಿಗೆ ನಡುವಿನ ಬ್ರಾಕೆಟ್ ಬಿಟ್ಟುಹೋಗಿ ಪೈಪು ಅದುರುತ್ತಿತ್ತು ಎಂದು ತಿಳಿಯಬೇಕು. ಬ್ರಾಕೆಟ್ಟನ್ನು ಸರಿಪಡಿಸದೆ ಹೊಸ ಪೈಪು ಹಾಕಿದರೆ ಅದೂ ಅಲ್ಲೇ ಸೀಳುತ್ತದೆ. ಬಿರುಕಿಗೆ ಬೆಸುಗೆ ಹಾಕಿಸಿ ಮತ್ತೆ ಬಳಸುವುದು ಬೇಡ. ಬೆಸುಗೆಯ ಕಣಗಳು ಒಳಗೆ ಉಳಿಯುತ್ತವೆ.

ಕೆಲವು ಇಂಜಿನ್ನುಗಳ ಬಾಂಜೊ ಬೋಲ್ಟಿನೊಳಗೆ ಸಣ್ಣ ಜಾಲರಿಯ ಫಿಲ್ಟರ್ ಇರುತ್ತದೆ. ಪೂಜೋ, ಸಿಟ್ರೊಯೆನ್, ಫೋರ್ಡ್ ಕಾರುಗಳಲ್ಲಿ ಬಂದ 1.6 ಲೀಟರ್ ಡೀಸೆಲ್ ಇಂಜಿನ್ ಇದಕ್ಕೆ ಹೆಸರಾದದ್ದು; ಸುಬಾರುವಿನ ಹಲವು ಟರ್ಬೊ ಇಂಜಿನ್ನುಗಳಲ್ಲೂ ಇದಿದೆ. ಈ ಜಾಲರಿ ಕಿಟ್ಟದಿಂದ ಮುಚ್ಚಿಹೋದರೆ ಎಷ್ಟು ಹೊಸ ಪೈಪು ಹಾಕಿದರೂ ಎಣ್ಣೆ ಮುಂದೆ ಹೋಗದು. ಬೋಲ್ಟುಗಳನ್ನು ಹೊಸದಾಗಿಯೇ ತನ್ನಿ ಎಂದದ್ದು ಇದಕ್ಕೂ ಸೇರಿ.

ಹಂತ 5: ಹೊಸ ಪೈಪನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸುವುದು

ಎರಡೂ ಪೈಪುಗಳನ್ನು ಸಮತಟ್ಟಾದ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಡಿ. ಉದ್ದ, ಪ್ರತಿ ತಿರುವಿನ ಕೋನ, ಬಾಂಜೊ ಕಣ್ಣಿನ ದಪ್ಪ, ಬೋಲ್ಟಿನ ಥ್ರೆಡ್ಡು, ಬೋಲ್ಟಿನ ಪಕ್ಕದ ತೂತುಗಳ ಗಾತ್ರ ಎಲ್ಲವೂ ಹೊಂದಬೇಕು. ತೂತುಗಳ ಗಾತ್ರವನ್ನು ಅಲಕ್ಷಿಸಬೇಡಿ. ಬಾಲ್ ಬೇರಿಂಗ್ ಟರ್ಬೊಗಳಲ್ಲಿ ಎಣ್ಣೆಯನ್ನು ಮಿತಿಗೊಳಿಸಲು ಬೇಕೆಂದೇ ಕಿರಿದಾದ ತೂತಿರುತ್ತದೆ. ಅದರ ಬದಲು ದೊಡ್ಡ ತೂತಿನ ಬೋಲ್ಟು ಹಾಕಿದರೆ ಎಣ್ಣೆ ಹೆಚ್ಚಾಗಿ ಸೀಲು ದಾಟುತ್ತದೆ, ಸಾಮಾನ್ಯ ಬೇರಿಂಗಿನ ಟರ್ಬೊಗೆ ಕಿರಿದಾದ ತೂತಿನದು ಹಾಕಿದರೆ ಎಣ್ಣೆ ಸಾಲದೆ ಬೇರಿಂಗ್ ಸುಡುತ್ತದೆ.

ಹೊಸ ಪೈಪನ್ನು ಕೈಯಿಂದ ಬಗ್ಗಿಸಿ ಹೊಂದಿಸಿಕೊಳ್ಳುವ ಪರಿಸ್ಥಿತಿ ಬಂದರೆ ಅದು ನಿಮ್ಮ ಇಂಜಿನ್ನಿನದಲ್ಲ, ಹಿಂದಿರುಗಿಸಿ. ಲೋಹದ ಜಾಲರಿ ಹೊದಿಸಿದ ಟೆಫ್ಲಾನ್ ಹೋಸ್ ಹಾಕುವವರಿದ್ದಾರೆ, ಅದು ತಪ್ಪಲ್ಲ; ಆದರೆ ಟೆಫ್ಲಾನ್ ಸತತವಾಗಿ ತಡೆಯುವ ಶಾಖ ಸುಮಾರು 260 ಡಿಗ್ರಿಯಷ್ಟೇ. ಮ್ಯಾನಿಫೋಲ್ಡಿನಿಂದ ದೂರವಿಟ್ಟು, ಶಾಖ ತಡೆಯುವ ಕವಚ ಹಾಕಿದರಷ್ಟೇ ಅದು ಬಾಳುತ್ತದೆ. ಕ್ಲಾಂಪ್ ಹಾಕಿ ಬಿಗಿದ ರಬ್ಬರ್ ಇಂಧನ ಹೋಸಿಗೆ ಇಲ್ಲಿ ಜಾಗವೇ ಇಲ್ಲ. ಹೊಸ ಪೈಪಿನೊಳಗೂ ತಯಾರಿಕೆಯ ಹುಡಿ ಇರಬಹುದಾದ್ದರಿಂದ ಕ್ಲೀನರ್ ಹಾಯಿಸಿ, ಗಾಳಿ ಊದಿ, ಪೂರ್ತಿ ಒಣಗಿಸಿ.

ಹಂತ 6: ಕೂರುಮುಖದ ಶುಚಿ ಮತ್ತು ಪೈಪಿನ ಜೋಡಣೆ

ಟರ್ಬೊದ ಎಣ್ಣೆತೂತಿನೊಳಗೆ ನಾರು ಬಿಡದ ಬಟ್ಟೆಯ ಚೂರನ್ನು ತುರುಕಿ, ಸುತ್ತಲಿನ ಕೂರುಮುಖವನ್ನು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಹರಳು ಒಳಗೆ ಉದುರುತ್ತದೆ. ಆಮೇಲೆ ಬೆರಳ ತುದಿಯನ್ನು ಮುಖದ ಮೇಲೆ ಒಂದು ಸುತ್ತು ಆಡಿಸಿ ನೋಡಿ. ಒಳಅಂಚಿನಿಂದ ಹೊರಅಂಚಿನವರೆಗೆ ಅಡ್ಡಡ್ಡವಾಗಿ ಹಾದ ಗೀರು ಇದ್ದರೆ ಎಣ್ಣೆ ಆ ದಾರಿಯಲ್ಲಿಯೇ ಹೊರಬರುತ್ತದೆ. ಬಟ್ಟೆಯ ಚೂರನ್ನು ಹುಡಿ ಬೀಳದಂತೆ ಹಿಡಿದು ಮೆಲ್ಲಗೆ ಹೊರತೆಗೆಯಿರಿ. ಬ್ಲಾಕ್ ಕಡೆಯ ಮುಖಕ್ಕೂ ಇದೇ ಉಪಚಾರ.

ಜೋಡಣೆಯಲ್ಲಿ ಕ್ರಮವೇ ಎಲ್ಲ. ಬೋಲ್ಟಿಗೆ ಒಂದು ವಾಷರ್, ಬಳಿಕ ಬಾಂಜೊ ಕಣ್ಣು, ಬಳಿಕ ಇನ್ನೊಂದು ವಾಷರ್ ಏರಿಸಿ. ಎರಡೂ ತುದಿಗಳ ಬೋಲ್ಟುಗಳನ್ನು ಸ್ಪ್ಯಾನರ್ ಮುಟ್ಟದೆ, ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ. ಬೆರಳಿಗೆ ತಿರುಗದ ಬೋಲ್ಟು ಥ್ರೆಡ್ಡಿಗೆ ಓರೆಯಾಗಿ ಕೂತಿದೆ, ಹಿಂದಕ್ಕೆ ತೆಗೆದು ಮತ್ತೆ ಹಾಕಿ. ನಡುವಿನ ಬ್ರಾಕೆಟ್ಟನ್ನೂ ಸಡಿಲವಾಗಿಯೇ ಹಾಕಿ. ಮೂರೂ ಕಡೆ ಸಡಿಲವಿರುವಾಗ ಪೈಪು ತನ್ನ ಸಹಜ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಪೈಪನ್ನು ಮೆಲ್ಲಗೆ ಅಲುಗಿಸಿ ಬಿಟ್ಟಾಗ ಅದು ಯಾವ ಕಡೆಗೂ ಎಳೆಯದೆ ನಿಲ್ಲಬೇಕು. ಪಕ್ಕದ ಬಿಸಿ ಭಾಗಗಳಿಗೂ ತಂತಿಗಳಿಗೂ ತಗುಲದೆ ಬೆರಳು ಹೋಗುವಷ್ಟು ಅಂತರವಿರಬೇಕು.

ಈಗ ಟರ್ಬೊ ಕಡೆಯ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ. ಅದನ್ನು ಮತ್ತೆ ಹೊರತೆಗೆದು, ಪೈಪನ್ನು ಸ್ವಲ್ಪವೇ ಎತ್ತಿ ಹಿಡಿದು, 7ನೆಯ ಹಂತವನ್ನು ಮುಗಿಸಬೇಕು.

ಹಂತ 7: ಟರ್ಬೊಗೆ ಎಣ್ಣೆ ಕುಡಿಸುವುದು ಮತ್ತು ಬಿಗಿಯುವುದು

ಸಿರಿಂಜಿನಲ್ಲಿ ಹೊಸ ಇಂಜಿನ್ ಆಯಿಲ್ ಎಳೆದುಕೊಂಡು ಟರ್ಬೊದ ಎಣ್ಣೆಬಾಯಿಗೆ ನಿಧಾನವಾಗಿ 5ರಿಂದ 10 ಮಿಲಿಲೀಟರ್ ಬಿಡಿ. ಬಿಡುತ್ತಿರುವಾಗಲೇ ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ಕೆಲವು ಸುತ್ತು ತಿರುಗಿಸಿ. ಮೊದಲು ಒಣಗಿದಂತೆ ಹಗುರವಾಗಿ ತಿರುಗುತ್ತಿದ್ದ ಶಾಫ್ಟು ಎಣ್ಣೆ ಒಳಹೊಕ್ಕ ಮೇಲೆ ಸ್ವಲ್ಪ ಭಾರವಾಗಿ, ನುಣುಪಾಗಿ ತಿರುಗುವುದು ಬೆರಳಿಗೇ ತಿಳಿಯುತ್ತದೆ. ಪೈಪಿನೊಳಗೂ ಸಿರಿಂಜಿನಿಂದ ಎಣ್ಣೆ ತುಂಬಿಸಿ.

ತಕ್ಷಣ ಬೋಲ್ಟನ್ನು ಬೆರಳಿನಿಂದ ಕೂರಿಸಿ, ಮೊದಲು ಟರ್ಬೊ ಕಡೆ, ಬಳಿಕ ಬ್ಲಾಕ್ ಕಡೆ ಟಾರ್ಕ್ ರೆಂಚಿನಿಂದ ಬಿಗಿಯಿರಿ, ಬ್ರಾಕೆಟ್ ಕೊನೆಯದು. ಬ್ರಾಕೆಟ್ ಮೊದಲು ಬಿಗಿದರೆ ಪೈಪು ಎಳೆದುಕೊಂಡೇ ಉಳಿಯುತ್ತದೆ. ಅನೇಕ ಕಾರುಗಳಲ್ಲಿ ಈ ಬೋಲ್ಟುಗಳ ಬಿಗಿತ 15ರಿಂದ 35 ನ್ಯೂಟನ್ ಮೀಟರ್ ಒಳಗಿರುತ್ತದೆ, ಆದರೆ ನಿಮ್ಮ ಇಂಜಿನ್ನಿನ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಥ್ರೆಡ್ಡಿಗೆ ಗ್ರೀಸ್ ಬಳಿಯಬೇಡಿ, ಬಳಿದರೆ ಅದೇ ಅಂಕಿಗೆ ಬೋಲ್ಟು ಹೆಚ್ಚು ಎಳೆದುಕೊಳ್ಳುತ್ತದೆ. ಬಿಗಿಯುವಾಗ ಬಾಂಜೊ ಕಣ್ಣು ಬೋಲ್ಟಿನೊಂದಿಗೆ ತಿರುಗದಂತೆ ಇನ್ನೊಂದು ಕೈಯಿಂದ ಪೈಪನ್ನು ಹಿಡಿದಿರಿ.

ಟರ್ಬೊ ಕಡೆಯ ಬೋಲ್ಟನ್ನು ಸಡಿಲ ಬಿಟ್ಟು ಸೆಲ್ಫ್ ಕೊಟ್ಟು, ಎಣ್ಣೆ ಒಸರಿದ ಮೇಲೆ ಬಿಗಿಯುವ ಪದ್ಧತಿಯೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಒಸರಿದ ಎಣ್ಣೆ ಮ್ಯಾನಿಫೋಲ್ಡಿನ ಮೇಲೆಯೇ ಬೀಳುತ್ತದೆ, ಹೊಸ ಸೋರಿಕೆಯಿದ್ದರೂ ಆಮೇಲೆ ಗುರುತಿಸಲಾಗದು.

ಹಂತ 8: ಇಂಜಿನ್ ಹತ್ತದಂತೆ ಸೆಲ್ಫ್ ಕೊಡುವುದು

ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡಿ, ಗಾಳಿಯ ಪೈಪುಗಳನ್ನು ಮರಳಿ ಕೂರಿಸಿ. ಟರ್ಬೊದ ಬಾಯಿಗೆ ಹಾಕಿದ್ದ ಮುಚ್ಚಳ ಮತ್ತು ಬಟ್ಟೆ ಹೊರಬಂದಿವೆಯೇ ಎಂದು ಕಣ್ಣಿನಿಂದ ನೋಡಿದ ಮೇಲೆಯೇ ಪೈಪು ಹಾಕಬೇಕು. ಬ್ಯಾಟರಿ ಜೋಡಿಸಿ.

ಇಂಧನ ಪಂಪಿನ ಅಥವಾ ಇಂಜೆಕ್ಟರಿನ ಫ್ಯೂಸ್ ತೆಗೆದು ಇಂಜಿನ್ ಹತ್ತದಂತೆ ಮಾಡಿ. ಪೆಟ್ರೋಲ್ ಕಾರಿನಲ್ಲಿ ಇಗ್ನಿಷನ್ ಕಾಯಿಲ್ ಮಾತ್ರ ಕಳಚಿದರೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಪಂಪಿನ ಫ್ಯೂಸ್ ತೆಗೆದಿದ್ದರೆ ಪೈಪಿನಲ್ಲಿ ಉಳಿದ ಇಂಧನಕ್ಕೆ ಇಂಜಿನ್ ಕ್ಷಣಕಾಲ ಹತ್ತಬಹುದು, ಆಗ ಕೂಡಲೇ ಆಫ್ ಮಾಡಿ. ಒಂದು ಸಲಕ್ಕೆ 10 ಸೆಕೆಂಡಿನಂತೆ ಸೆಲ್ಫ್ ಕೊಟ್ಟು, ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸ್ಟಾರ್ಟರ್ ಕಾದುಹೋಗುತ್ತದೆ.

ಆಯಿಲ್ ದೀಪ ಆರಿದ ಕೂಡಲೇ ನಿಲ್ಲಿಸಬೇಡಿ. ಆ ದೀಪದ ಸೆನ್ಸರ್ ಇರುವುದು ಇಂಜಿನ್ನಿನ ಎಣ್ಣೆದಾರಿಯಲ್ಲಿ, ಟರ್ಬೊದಲ್ಲಲ್ಲ. ದೀಪ ಆರಿದ ಮೇಲೆ ಇನ್ನೂ ಎರಡು ಸಲ 10 ಸೆಕೆಂಡ್ ಕೊಡಿ. ಆರು ಸಲ ಕೊಟ್ಟರೂ ದೀಪ ಆರದಿದ್ದರೆ ನಿಲ್ಲಿಸಿ, ಎಣ್ಣೆಯ ಮಟ್ಟ ಮತ್ತು ಫಿಲ್ಟರ್ ಕೂತಿರುವ ರೀತಿಯನ್ನು ಪರೀಕ್ಷಿಸಿ.

ಹಂತ 9: ಚಾಲೂ ಮಾಡಿ ಕಾಯುವುದು

ಫ್ಯೂಸ್ ಮರಳಿ ಹಾಕಿ ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಮೂರು ನಿಮಿಷ ಹಾಗೆಯೇ ಓಡಲು ಬಿಡಿ. ಈ ಹೊತ್ತಿನಲ್ಲಿ ಟಾರ್ಚ್ ಹಿಡಿದು ಎರಡೂ ಬೋಲ್ಟುಗಳ ಸುತ್ತ ನೋಡಿ. ತಿರುಗುವ ಬೆಲ್ಟಿನಿಂದಲೂ ಫ್ಯಾನಿನಿಂದಲೂ ಕೈ ಮತ್ತು ಬಟ್ಟೆ ದೂರವಿರಲಿ. ಹಿಂದೆ ಚೆಲ್ಲಿದ್ದ ಎಣ್ಣೆ ಸುಡುವುದರಿಂದ ತೆಳುವಾದ ಹೊಗೆ ಸ್ವಲ್ಪ ಹೊತ್ತು ಬರುವುದು ಸಹಜ, ಅದು ಕ್ರಮೇಣ ಕಡಿಮೆಯಾಗಬೇಕು. ಹೊಗೆ ಹೆಚ್ಚುತ್ತಿದ್ದರೆ, ಅಥವಾ ಟರ್ಬೊದಿಂದ ತೆಳುವಾದ ಸೀಟಿಯ ಸದ್ದು ಏರುತ್ತಲೇ ಹೋಗುತ್ತಿದ್ದರೆ, ಆಫ್ ಮಾಡಿ.

ಸೋರಿಕೆ ಕಾಣದಿದ್ದರೆ ಇಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ಸರಿಪಡಿಸಿ, ಹೀಟ್ ಶೀಲ್ಡನ್ನು ಅದರ ಎಲ್ಲ ಬೋಲ್ಟುಗಳೊಂದಿಗೆ ಹಾಕಿ. ಒಂದು ಬೋಲ್ಟು ಉಳಿದರೂ ಶೀಲ್ಡು ಅದುರಿ ಹೊಸ ಪೈಪನ್ನು ಉಜ್ಜತೊಡಗುತ್ತದೆ. ಮೊದಲ ಸವಾರಿ ನಿಧಾನವಾಗಿ 15 ಕಿಲೋಮೀಟರ್ ಇದ್ದರೆ ಸಾಕು. ಹಿಂದಿರುಗಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಬೋಲ್ಟುಗಳ ಬುಡವನ್ನು ಬಿಳಿಯ ಕಾಗದದಿಂದ ಒರೆಸಿ ನೋಡಿ. ಇದೇ ಪರೀಕ್ಷೆಯನ್ನು ಮರುದಿನ ಬೆಳಿಗ್ಗೆ ತಣ್ಣನೆಯ ಇಂಜಿನ್ ಚಾಲೂ ಮಾಡಿದ ಬಳಿಕ ಒಮ್ಮೆ, 500 ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ಮಾಡಬೇಕು.

ಮತ್ತೆ ಜಿನುಗಿದರೆ

ಕಾಗದದ ಮೇಲೆ ಎಣ್ಣೆ ಕಂಡಾಗ ಬೋಲ್ಟನ್ನು ಇನ್ನಷ್ಟು ಬಿಗಿಯಲು ಕೈ ತುಡಿಯುತ್ತದೆ. ಟಾರ್ಕ್ ರೆಂಚನ್ನು ನಿಗದಿತ ಅಂಕಿಗೆ ಇಟ್ಟು ಒಮ್ಮೆ ನೋಡಬಹುದು. ಅಲ್ಲಿಗೇ ಕ್ಲಿಕ್ ಎಂದರೆ ಇನ್ನು ಒಂದು ಕೂದಲಷ್ಟೂ ತಿರುಗಿಸಬೇಡಿ. ಬಿಗಿತ ಸರಿಯಿದ್ದೂ ಜಿನುಗುತ್ತಿದ್ದರೆ ದೋಷ ವಾಷರಿನಲ್ಲಿ, ಕೂರುಮುಖದಲ್ಲಿ ಅಥವಾ ಪೈಪಿನ ಎಳೆತದಲ್ಲಿದೆ. ಬಲ ಹಾಕಿದರೆ ಮುರಿಯುವುದು ಟೊಳ್ಳು ಬೋಲ್ಟು, ಅದರ ಅರ್ಧ ಟರ್ಬೊದೊಳಗೆ ಉಳಿಯುತ್ತದೆ.

ತಣಿದ ಇಂಜಿನ್ನಿನಲ್ಲಿ ಬ್ರಾಕೆಟ್ಟನ್ನು ಬಿಚ್ಚಿ ನೋಡಿ. ಬಿಚ್ಚಿದ ಕ್ಷಣ ಪೈಪು ಪಕ್ಕಕ್ಕೆ ಜಿಗಿದರೆ ಎಳೆತವೇ ಕಾರಣ. 6ನೆಯ ಹಂತದಿಂದ ಮತ್ತೆ ಜೋಡಿಸಬೇಕು. ಜಿಗಿಯದಿದ್ದರೆ ಬೋಲ್ಟು ತೆಗೆದು ವಾಷರಿನ ಎರಡೂ ಮುಖಗಳನ್ನು ಬೆಳಕಿಗೆ ಹಿಡಿಯಿರಿ. ಒತ್ತಡದ ಹೊಳೆಯುವ ಉಂಗುರ ಎಲ್ಲಿಯೂ ಕಡಿಯದೆ ಸುತ್ತಲೂ ಇರಬೇಕು. ಅದು ಕಡಿದಿರುವ ಜಾಗದ ಎದುರಿಗೇ ಕೂರುಮುಖದಲ್ಲಿ ಗೀರು ಅಥವಾ ಕಿಟ್ಟದ ಕಣ ಸಿಗುತ್ತದೆ. ಅದನ್ನು ಸರಿಪಡಿಸಿ, ಆ ತುದಿಯ ಎರಡೂ ವಾಷರ್‌ಗಳನ್ನು ಹೊಸದಾಗಿ ಹಾಕಿ, ಟರ್ಬೊಗೆ ಮತ್ತೆ ಎಣ್ಣೆ ಕುಡಿಸಿಯೇ ಬಿಗಿಯಿರಿ.